ನೀಲಿ ಹೂಜಿಯ ಸವಾರಿ

ಅತ್ತೆಯವರ ನೀಲಿ ಗಾಜಿನ ಹೂಜಿಯನ್ನು ಹಳೆಯ ಮನೆಯಿಂದ ಹೊಸ ಮನೆಗೆ ಯಾರು ಸಾಗಿಸಬೇಕು ಎಂಬುದು ಒಂದು ಪ್ರಶ್ನೆಯೆಂದೇ ದೊಡ್ಡಳಿಯನಿಗೆ ಅನ್ನಿಸಿರಲಿಲ್ಲ. ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಅವನು ಮುಖ್ಯ ಪ್ಯಾಕರು. ಅವನು ಕಟ್ಟಿಕೊಟ್ಟ ನಿಲುವುಗನ್ನಡಿ, ತೂಗುದೀಪ, ಮೀನಿನ ತೊಟ್ಟಿ ಯಾವುದೂ ಇದುವರೆಗೆ ಬಿರುಕು ಬಿಟ್ಟಿದ್ದಿಲ್ಲ. ಹಳೆ ಪೇಪರು, ಒಣಹುಲ್ಲು, ಸೆಣಬಿನ ದಾರ ಇಷ್ಟು ಕೊಟ್ಟರೆ ಸೋಪಿನ ಗುಳ್ಳೆಯನ್ನೂ ಪಾರ್ಸೆಲ್ ಮಾಡಬಲ್ಲೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೀಗಿರುವಾಗ ಸ್ವಂತ ಅತ್ತೆಮನೆಯ ಹೂಜಿ ಬೇರೆಯವರ ಕೈಗೆ ಹೋಗುವುದೆಂದರೆ, ಹಜಾಮನೊಬ್ಬ ತನ್ನ ತಲೆ ಬೋಳಿಸಿಕೊಳ್ಳಲು ಪಕ್ಕದಂಗಡಿಗೆ ಹೋದಂತೆ.

ಆದರೆ ಅತ್ತೆಗೆ ಇನ್ನೊಬ್ಬ ಅಳಿಯನೂ ಇದ್ದ.

ಚಿಕ್ಕಳಿಯ ಆ ಮನೆಗೆ ಕಾಲಿಟ್ಟ ದಿನದಿಂದ ದೊಡ್ಡಳಿಯನ ಗ್ರಹಚಾರ ಕೆಟ್ಟಿತ್ತು. ಮೊದಲು ಕಿಟಕಿ ಪಕ್ಕದ ಒರಗುಕುರ್ಚಿ ಹೋಯಿತು. ಆಮೇಲೆ ಗಟ್ಟಿ ಕಾಫಿ ಹೋಯಿತು. ಮೊದಲ ಲೋಟ ಚಿಕ್ಕಳಿಯನಿಗೆ, ಅದಕ್ಕೆ ಬಿಸಿನೀರು ಬೆರೆಸಿ ಹಿಗ್ಗಿಸಿದ್ದು ಮಿಕ್ಕವರಿಗೆ. ಮಾತಿನ ಮಧ್ಯೆ ಅತ್ತೆ "ನಮ್ಮಳಿಯ" ಎಂದರೆ ಕೇಳಿದವರು ಯಾವ ಅಳಿಯ ಎಂದು ಕೇಳುವುದನ್ನೂ ಬಿಟ್ಟುಬಿಟ್ಟಿದ್ದರು. ಇಷ್ಟೂ ಸಾಲದೆಂದು ಆ ಪುಣ್ಯಾತ್ಮ ಕೆಲಸ ಮಾಡುವುದೂ ಪ್ಯಾಕಿಂಗ್ ಸಾಮಾನು ತಯಾರಿಸುವ ಕಾರ್ಖಾನೆಯಲ್ಲೇ.

ಅಲ್ಲಿ ತಯಾರಾಗುತ್ತಿದ್ದುದು ಒಂದು ಬೂದುಬಣ್ಣದ ಹಾಳೆ. ಮುಟ್ಟಿದರೆ ಹೊಸ ಹಾಸಿಗೆಯಷ್ಟು ಮೆತ್ತಗೆ. ಅದರ ಹೊಟ್ಟೆಯೊಳಗೆ ಕೂದಲೆಳೆಯಂಥ ತಂತಿಗಳು, ಒಂದು ಮೂಲೆಯಲ್ಲಿ ಅಂಗಿಗುಂಡಿಯಷ್ಟಗಲದ ಯಂತ್ರ. ಸುತ್ತಿದ ವಸ್ತುವಿಗೆ ಪೆಟ್ಟು ಬಿದ್ದರೆ, ವಾಲಿದರೆ, ಬಿಸಿಲು ತಾಗಿದರೆ, ಒದ್ದೆಯಾದರೆ ಆ ಗುಂಡಿ ಎಲ್ಲಿದ್ದರೂ ಫೋನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಓದುವ ವ್ಯವಧಾನ ಇಲ್ಲದವರಿಗಾಗಿ ಒಬ್ಬ ಹೆಂಗಸಿನ ದನಿ, ರೈಲ್ವೆ ಸ್ಟೇಷನ್ನಿನಲ್ಲಿ ಕೇಳುತ್ತದಲ್ಲ ಅಂಥದ್ದು, ಗಟ್ಟಿಯಾಗಿ ಹೇಳುತ್ತಿತ್ತು.

"ಬೇಜಾರು ಮಾಡ್ಕೋಬೇಡಿ," ಎಂದರು ಅತ್ತೆ, ಹೂಜಿಯ ವಿಷಯ ತೀರ್ಮಾನವಾದಾಗ. "ನಿಮ್ಮ ಪ್ಯಾಕಿಂಗ್ ಚೆನ್ನಾಗೇ ಇರುತ್ತೆ. ಆದ್ರೆ ನಿಮ್ಮ ಪೇಪರು ಮಾತಾಡಲ್ವಲ್ಲ."

ದೊಡ್ಡಳಿಯ ಬೇಜಾರು ಮಾಡಿಕೊಳ್ಳಲಿಲ್ಲ. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿ ಮರೆತು ಹೋದಂತಾಯಿತು, ಅಷ್ಟೇ. ಅವನ ಮುಖ ನೋಡಿದ ಹೆಂಡತಿ, ಯಾಕ್ರೀ ಹಾಗೆ ಹುಳ್ಳಗೆ ಮಾಡ್ಕೊಂಡಿದೀರಿ, ಅದು ಹಾಳೆ, ನಿಮ್ಮ ಸವತಿಯಲ್ಲ ಎಂದು ಗೊಣಗಿ ಒಳಗೆ ಹೋದಳು.

ಅದು ಬರೀ ಅತ್ತೆಮನೆಯ ಮಾನಾಪಮಾನದ ಪ್ರಶ್ನೆಯಾಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಚಿಕ್ಕಳಿಯ ಎಲ್ಲ ಬಿಟ್ಟು ದೊಡ್ಡಳಿಯನ ಕಂಪನಿಯ ಯಜಮಾನರ ಕಿವಿಗೂ ಹಾಳೆಯ ಸುದ್ದಿ ಹಾಕಿದ್ದ. ಹೂಜಿ ಕ್ಷೇಮವಾಗಿ ತಲುಪಿದರೆ ಇನ್ನುಮುಂದೆ ಕಂಪನಿಯಲ್ಲಿ ಇದೇ ಹಾಳೆ ಎಂದು ಅವರು ಒಪ್ಪಿದ್ದರು. ಪರೀಕ್ಷೆ ನೋಡಲು ತಾವೇ ಹೊಸ ಮನೆಗೆ ಬರುವುದಾಗಿ ಹೇಳಿದ್ದರು. ಹಾಳೆ ಬಂದ ಮೇಲೆ ಹುಲ್ಲು, ಪೇಪರು, ದಾರ ಯಾಕೆ? ಅವು ಬೇಡವಾದ ಮೇಲೆ ಮುಖ್ಯ ಪ್ಯಾಕರು ಯಾಕೆ? ದೊಡ್ಡಳಿಯ ಲೆಕ್ಕ ಹಾಕಿದಷ್ಟೂ ಒಲೆ ಜೋರಾಗಿ ಉರಿಯಿತು.

ಮನೆ ಬದಲಾಯಿಸುವ ದಿನ ಬೆಳಿಗ್ಗೆಯೇ ಲಾರಿ ಬಂದು ನಿಂತಿತು. ಅದನ್ನು ಓಡಿಸುವವನಿಗೆ ಕಂಪನಿಯಲ್ಲಿ ಎಲ್ಲರೂ ಬ್ರೇಕು ಎನ್ನುತ್ತಿದ್ದರು. ಅವನು ಎಂದೂ ಉಪಯೋಗಿಸದ ಒಂದೇ ಒಂದು ಭಾಗದ ಹೆಸರನ್ನು ಅವನಿಗೇ ಇಟ್ಟಿದ್ದರು. ಲಾರಿಯ ಹಿಂದೆಯೇ ಎದುರುಮನೆಯ ರಿಟೈರ್ಡ್ ಪೋಸ್ಟ್‌ಮಾಸ್ತರು ಬಂದರು. ಜೀವಮಾನವೆಲ್ಲ ಬೇರೆಯವರ ಪಾರ್ಸೆಲ್ಲುಗಳ ಮಧ್ಯೆ ಕಳೆದ ತಮ್ಮನ್ನು ಯಾರೂ ಸಲಹೆ ಕೇಳಿಲ್ಲವೆಂದು ಅವರಿಗೆ ಆಶ್ಚರ್ಯ. ತಮ್ಮ ಕಾಲದಲ್ಲಿ ಪೊಟ್ಟಣದ ಮೇಲೆ 'ಒಡೆಯುವ ವಸ್ತು' ಎಂದು ಬರೆದಿದ್ದರೆ ಅದನ್ನೇ ಆರಿಸಿ ದೂರಕ್ಕೆ ಎಸೆಯುತ್ತಿದ್ದರೆಂದು ಅವರು ಅತ್ತೆಗೆ ಧೈರ್ಯ ಹೇಳಿದರು. ಅತ್ತೆ ಕುಳಿತುಬಿಟ್ಟರು.

ಆ ಹೂಜಿಯನ್ನು ಮಾಡಿದ್ದು ಗಾಜಿನ ಕುಲುಮೆಯಲ್ಲಿ ಕೆಲಸಕ್ಕಿದ್ದ ಅತ್ತೆಯ ತಂದೆ. ಮನೆಯಲ್ಲಿದ್ದ ತಾಮ್ರದ ಹೂಜಿಯೊಂದನ್ನು ಎದುರಿಗಿಟ್ಟುಕೊಂಡು, ಅದರದೇ ಎತ್ತರ, ಅದರದೇ ಹೊಟ್ಟೆ, ಅದರದೇ ಕೊಕ್ಕರೆ ಕತ್ತು ಬರುವಂತೆ ಊದಿದ್ದರಂತೆ. ತಾಮ್ರದ್ದು ನೀರು ಕುಡಿಯಲು, ಗಾಜಿನದು ನೋಡಲು. ಪೇಪರಿನ ಮಸಿ ತಾಗಬಾರದೆಂದು ಅತ್ತೆ ಎರಡನ್ನೂ ಒಂದೇ ಜೊತೆಯ ದಿಂಬಿನ ಕವರುಗಳೊಳಗೆ ಇಳಿಬಿಟ್ಟು ಬಾಯಿಗೆ ನಾಡಾ ಕಟ್ಟಿದ್ದರು.

ತಾಮ್ರದ್ದು ದೊಡ್ಡಳಿಯನ ಪಾಲಿಗೆ ಬಂತು. ಅವನು ಹಟಕ್ಕೆ ಬಿದ್ದು ಆ ತಾಮ್ರಕ್ಕೇ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದ. ರಟ್ಟಿನ ಡಬ್ಬದಲ್ಲಿ ಹುಲ್ಲು ಹಾಸಿ, ಪೇಪರು ಹಿಂಡಿ ಉಂಡೆ ಮಾಡಿ, ಗೀಜಗ ಗೂಡು ಹೆಣೆದಂತೆ ಹೆಣೆದು, ನಡುವೆ ಹೂಜಿಯನ್ನು ಕೂರಿಸಿದ. ಮೇಲುಹುಲ್ಲು ಮುಚ್ಚಿದ್ದಾಗಿತ್ತು, ದಾರ ಬಿಗಿಯುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಚಿಕ್ಕಳಿಯ ಬಂದು, ಹಾಳೆಗೆ ಮೊದಲು ನಿಶ್ಶಬ್ದದ ಅಭ್ಯಾಸ ಆಗಬೇಕು, ಕೋಣೆಯಲ್ಲಿ ಯಾರೂ ಓಡಾಡಬಾರದು, ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಬೇಕು ಎಂದ. ಅತ್ತೆ ತುದಿಗಾಲಲ್ಲಿ ಹೊರನಡೆದರು. ಮಾವ ತಮ್ಮ ರೇಡಿಯೋ ಎದೆಗವಚಿಕೊಂಡು ಹೊರಟರು. ಅದನ್ನು ಅವರು ಯಾವ ಅಳಿಯನಿಗೂ ಮುಟ್ಟಗೊಟ್ಟಿರಲಿಲ್ಲ. ಬಾಗಿಲು ಮುಚ್ಚಿತು. ಹೊರಗೆ ಪೋಸ್ಟ್‌ಮಾಸ್ತರು ಸೀನು ಬಂದರೂ ತಡೆದುಕೊಂಡು ಕಣ್ಣೀರು ತುಂಬಿಕೊಂಡರು. ಹಾಳೆಯೊಂದಕ್ಕೆ ಇಷ್ಟು ಮರ್ಯಾದೆ ಸಿಗುವುದನ್ನು ದೊಡ್ಡಳಿಯ ಈ ಜನ್ಮದಲ್ಲಿ ಕಂಡಿರಲಿಲ್ಲ. ತನ್ನ ಮದುವೆಯ ದಿನವೂ ತನಗೆ ಸಿಕ್ಕಿರಲಿಲ್ಲ.

ಬಾಗಿಲು ತೆರೆದಾಗ ಹಾಳೆ ಸುತ್ತಿದ ಗಂಟು ಮರದ ಪೆಟ್ಟಿಗೆಯೊಳಗೆ ಸೇರಿ, ಮುಚ್ಚಳದ ಮೇಲೆ ಹಸಿರು ದೀಪ ಮಿಣುಕುತ್ತಿತ್ತು. ಎಲ್ಲರ ಫೋನುಗಳಿಂದ ಒಟ್ಟಿಗೇ ಆ ಹೆಂಗಸು, "ನಮಸ್ಕಾರ. ನಿಮ್ಮ ವಸ್ತು ಸುರಕ್ಷಿತವಾಗಿದೆ," ಎಂದಳು. ಅತ್ತೆ ಫೋನಿಗೆ ನಮಸ್ಕಾರ ಎಂದರು. ದೊಡ್ಡಳಿಯನ ಜೇಬಿನಿಂದಲೂ ಅದೇ ದನಿ ಬಂತು. ಅವನ ಫೋನಿಗೂ ಹೆಂಡತಿ ಅವನಿಗೆ ಹೇಳದೆಯೇ ಅದನ್ನು ಹಾಕಿಟ್ಟಿದ್ದಳು. ಅವನು ತನ್ನ ಡಬ್ಬದ ಬಳಿ ಹೋಗಿ, ಕದಡಿದಂತಿದ್ದ ಮೇಲುಹುಲ್ಲನ್ನು ನೋಡಿ, ಇವನು ನನ್ನ ಹುಲ್ಲಿನ ಮೇಲೂ ಕಾಲಿಟ್ಟನೇ ಎಂದು ಹಲ್ಲು ಕಚ್ಚಿ, ದಾರ ಬಿಗಿದ.

ಲಾರಿಗೆ ಸಾಮಾನು ಏರಿಸುವಾಗ ಚಿಕ್ಕಳಿಯ ಅವನ ಹಿಂದೆಯೇ ಬಂದ. ತನ್ನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. "ಭಾವ, ನಿಮ್ಮ ಡಬ್ಬ ಎಲ್ಲಿಡ್ತೀರಿ? ಅದು ಸ್ವಲ್ಪ ಹುಷಾರು," ಎಂದ.

ಹಳೇ ತಾಮ್ರದ ಪಾತ್ರೆಗೆ ಹುಷಾರಂತೆ. ಇದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ವಾಸಿಯಿತ್ತು ಎನ್ನಿಸಿತು ದೊಡ್ಡಳಿಯನಿಗೆ.

ಮನೆಯವರೆಲ್ಲ ಚಿಕ್ಕಳಿಯನ ಕಾರಿನಲ್ಲಿ ಮುಂದೆ ಹೋದರು. ಪೋಸ್ಟ್‌ಮಾಸ್ತರು ಕಾರಿನಲ್ಲಿ ಜಾಗವಿಲ್ಲದೆ, ಯಾರೂ ಕರೆಯದಿದ್ದರೂ, ಲಾರಿಯ ಮುಂದಿನ ಸೀಟಿನಲ್ಲಿ ಬ್ರೇಕುವಿನ ಪಕ್ಕ ಕೂತರು. ದೊಡ್ಡಳಿಯ ಹಿಂದೆ ಸಾಮಾನಿನ ಮಧ್ಯೆ, ಒಂದು ಕಡೆ ಮಾತಾಡುವ ಪೆಟ್ಟಿಗೆ, ಒಂದು ಕಡೆ ಮೂಗ ಡಬ್ಬ ಇಟ್ಟುಕೊಂಡು ಕೂತ. ಲಾರಿ ಹೊರಟಿತೋ ಇಲ್ಲವೋ ಹೆಂಗಸು ಶುರುವಿಟ್ಟಳು. ಪೆಟ್ಟಿಗೆ ಅಲುಗುತ್ತಿದೆ. ಪೆಟ್ಟಿಗೆ ಎಡಕ್ಕೆ ವಾಲಿದೆ. ದಯವಿಟ್ಟು ನಿಧಾನ. ಪ್ರತಿ ಸಲವೂ ಕಾರಿನಿಂದ ಅತ್ತೆ ಫೋನು ಮಾಡಿ ಏನಾಯಿತೆಂದು ವಿಚಾರಿಸುತ್ತಿದ್ದರು. ಮುಂದಿನ ಸೀಟಿನಿಂದ ಪೋಸ್ಟ್‌ಮಾಸ್ತರು ಕಿಂಡಿಯಲ್ಲಿ ಮುಖ ತೂರಿಸಿ, ಎಡಕ್ಕೆ ವಾಲಿದೆಯಂತೆ, ಬಲಕ್ಕೆ ತಳ್ಳಿ ಎಂದು ಕೂಗುತ್ತಿದ್ದರು. ಬ್ರೇಕು ಮಾತ್ರ, ನಿಧಾನ ಎಂಬ ಪದ ತನಗೆ ಸಂಬಂಧಿಸಿದ್ದಲ್ಲವೆಂಬಂತೆ ಹಾಡು ಗುನುಗುತ್ತಾ ಓಡಿಸುತ್ತಿದ್ದ.

ದೊಡ್ಡಳಿಯ ಮುಂದಿನದನ್ನು ಕಣ್ಣಾರೆ ಕಂಡ. ಹೊಸ ಮನೆಯಲ್ಲಿ ಯಜಮಾನರು ಚಪ್ಪಾಳೆ ತಟ್ಟುತ್ತಿದ್ದಾರೆ. ಅತ್ತೆ ಚಿಕ್ಕಳಿಯನ ಬೆನ್ನು ಸವರುತ್ತಿದ್ದಾರೆ. ತಾನು ಮೂಲೆಯಲ್ಲಿ ಹುಲ್ಲು ಗುಡಿಸುತ್ತಿದ್ದೇನೆ. ಹೊಟ್ಟೆಯೊಳಗಿನ ಒಲೆ ತಲೆಗೆ ಏರಿತು. ಆಗಲೇ ಅವನಿಗೆ ಆ ಉಪಾಯ ಹೊಳೆದದ್ದು.

ಗಾಜಿನ ಹೂಜಿಯನ್ನು ತನ್ನ ಹುಲ್ಲಿನ ಡಬ್ಬಕ್ಕೆ ಹಾಕುವುದು. ತಾಮ್ರದ್ದನ್ನು ಆ ಮಾತಾಡುವ ಹಾಳೆಯೊಳಗೆ ಸುತ್ತುವುದು. ಹೊಸ ಮನೆಯಲ್ಲಿ ಎಲ್ಲರೆದುರು ಪೆಟ್ಟಿಗೆ ತೆರೆದಾಗ ಹಾಳೆಯೊಳಗಿಂದ ತಾಮ್ರ ಹೊರಬರುತ್ತದೆ. ಆಗ ತಾನು ಮೆಲ್ಲಗೆ ಮುಂದೆ ಬಂದು ತನ್ನ ದಾರ ಬಿಚ್ಚಿ, ನೋಡಿ, ನಿಮ್ಮ ಗಾಜು ಬಂದದ್ದು ಪೇಪರಿನಲ್ಲಿ. ಆ ಹೆಂಗಸು ದಾರಿಯುದ್ದಕ್ಕೂ ಒದರಿದ್ದು ಒಂದು ತಾಮ್ರದ ಪಾತ್ರೆಗಾಗಿ, ಎನ್ನುವುದು.

ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಬ್ರೇಕು ಚಕ್ರಕ್ಕೆ ಗಾಳಿ ಹಾಕಿಸಲು ನಿಲ್ಲಿಸಿದ. ಪೋಸ್ಟ್‌ಮಾಸ್ತರು ಟೀ ಕುಡಿಯಲು ಇಳಿದರು. ದೊಡ್ಡಳಿಯ ಲಾರಿಯ ಟಾರ್ಪಾಲು ಎಳೆದುಕೊಂಡು, ಕೈಗವಸು ಹಾಕಿದ್ದ ಕೈಗಳಿಂದ ಟೇಪು ಕಿತ್ತು ಪೆಟ್ಟಿಗೆಯ ಮುಚ್ಚಳ ಎತ್ತಿದ.

"ಪೆಟ್ಟಿಗೆ ತೆರೆಯಲಾಗಿದೆ," ಎಂದಳು ಜೇಬಿನ ಹೆಂಗಸು.

ಅವನು ಗಾಬರಿಯಿಂದ ಗಂಟು ಎತ್ತಿ, ಹಾಳೆ ಬಿಚ್ಚಿ, ದಿಂಬಿನ ಕವರಿನ ಸಮೇತ ಹೂಜಿಯನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡ. ತನ್ನ ಡಬ್ಬದ ದಾರ ಬಿಚ್ಚಿ ಅದರೊಳಗಿನದನ್ನು ಎತ್ತಿ, ಇದನ್ನು ಆ ಗೂಡಿನಲ್ಲಿ ಕೂರಿಸಿದ. ಅದು ಬೆಣ್ಣೆಯಲ್ಲಿ ಇಳಿದಂತೆ ಕೂತಿತು. ಈಗ ಉಳಿದದ್ದನ್ನು ಹಾಳೆಯಲ್ಲಿ ಸುತ್ತಬೇಕು. ಸುತ್ತಿದ.

"ಹಾಳೆ ಸರಿಯಾಗಿ ಸುತ್ತಿಲ್ಲ. ದಯವಿಟ್ಟು ಬಲಬದಿ ಬಿಗಿ ಮಾಡಿ."

ಸುತ್ತುವ ಪಾಠ ಪಕ್ಕದಲ್ಲಿದ್ದ ಫೋನಿಗಷ್ಟೇ ಬರುತ್ತಿದ್ದುದೊಂದೇ ಪುಣ್ಯ. ಅವನು ಬಲಬದಿ ಬಿಗಿ ಮಾಡಿದ. ಕತ್ತಿನ ಬಳಿ ಸಡಿಲವಾಗಿದೆ ಎಂದಳು. ಕತ್ತು ಸರಿಮಾಡಿದ. ತಳದಲ್ಲಿ ಒಂದು ಮಡಿಕೆ ಕಡಿಮೆ ಎಂದಳು. ಲೋಕದ ಗಾಜನ್ನೆಲ್ಲ ಕಟ್ಟಿ ಕಳಿಸಿದ ಕೈಗೆ ಒಂದು ಹಾಳೆ ಪಾಠ ಹೇಳುತ್ತಿತ್ತು. ಆದರೆ ಒಪ್ಪುವವರೆಗೂ ಅವಳು ಬಾಯಿ ಮುಚ್ಚುವುದಿಲ್ಲ, ಟೀ ಮುಗಿಯುವುದರೊಳಗೆ ಎಲ್ಲ ಮುಗಿಯಬೇಕು. ಅವನು ಬೆವರು ಸುರಿಸುತ್ತಾ ಅವಳು ಹೇಳಿದಂತೆಲ್ಲ ಮಡಿಚಿದ, ತಿರುಗಿಸಿದ, ಒತ್ತಿದ. ಕೊನೆಗೆ ಹಸಿರು ದೀಪ ಹತ್ತಿತು. "ಅತ್ಯುತ್ತಮವಾಗಿ ಸುತ್ತಿದ್ದೀರಿ. ಧನ್ಯವಾದಗಳು," ಎಂದಳು. ಬೆಳಗಿನಿಂದ ಅವನ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು.

ಅಷ್ಟರಲ್ಲಿ ಅತ್ತೆಯ ಫೋನು. ಪೆಟ್ಟಿಗೆ ಯಾಕೆ ತೆರೆಯಿತೆಂದು ಅವರು ಕೇಳಿದರು. ಬಿಸಿಲಿಗೆ ಟೇಪು ಬಿಟ್ಟುಕೊಂಡಿತ್ತು, ಮತ್ತೆ ಅಂಟಿಸಿದೆ ಎಂದ. ಚಿಕ್ಕಳಿಯ ಫೋನು ಇಸಿದುಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ಒಳಗೆ ನೋಡಿದ್ರಾ ಭಾವ?" ಎಂದ.

"ನನಗ್ಯಾಕಪ್ಪ ನಿನ್ನ ಪೆಟ್ಟಿಗೆ ಉಸಾಬರಿ," ಎಂದು ದೊಡ್ಡಳಿಯ ಫೋನು ಇಟ್ಟ.

ಲಾರಿ ಮತ್ತೆ ಹೊರಟ ಮೇಲೆ ಅವನಿಗೆ ಹೊಸದೊಂದು ಖುಷಿ ಹುಟ್ಟಿತು. ಈಗ ಪೆಟ್ಟಿಗೆಯೊಳಗಿರುವುದು ತಾಮ್ರ. ಅದನ್ನು ಎತ್ತಿ ಕುಕ್ಕಿದರೂ ಯಾರ ಗಂಟೂ ಹೋಗುವುದಿಲ್ಲ. ಹುಲ್ಲಿನ ಡಬ್ಬವನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು, ಕಾಲಿನಿಂದ ಪೆಟ್ಟಿಗೆಯನ್ನು ಒಂದು ಸಲ ಒದ್ದ. ಪೆಟ್ಟು ಬಿದ್ದಿದೆ ಎಂದಳು. ಇನ್ನೊಂದು ಸಲ ಒದ್ದ. ಮತ್ತೆ ಪೆಟ್ಟು ಬಿದ್ದಿದೆ ಎಂದಳು, ದನಿಯಲ್ಲಿ ಸ್ವಲ್ಪವೂ ಬೇಸರವಿಲ್ಲದೆ. ಇದಂತೂ ಅವನನ್ನು ಇನ್ನೂ ಕೆರಳಿಸಿತು. ಪೆಟ್ಟಿಗೆಯನ್ನು ಕಬ್ಬಿಣದ ಟ್ರಂಕಿನ ತುದಿಯಲ್ಲಿಟ್ಟು ರಸ್ತೆ ಉಬ್ಬು ಬರುವುದನ್ನೇ ಕಾದ. ಉಬ್ಬು ಬಂತು, ಬ್ರೇಕು ತನ್ನ ಅಭ್ಯಾಸದಂತೆ ಹಾರಿಸಿದ, ಪೆಟ್ಟಿಗೆ ಧಡಾರನೆ ಕೆಳಗುರುಳಿತು. ರೈಲ್ವೆ ಗೇಟಿನಲ್ಲಿ ಲಾರಿ ನಿಂತಾಗ ಅದನ್ನು ತಲೆಕೆಳಗು ಮಾಡಿ ಮೇಲೆ ಕೂತು ತಾಳ ಹಾಕಿದ.

ಕಿಂಡಿಯಲ್ಲಿ ಪೋಸ್ಟ್‌ಮಾಸ್ತರ ಮುಖ ಕಾಣಿಸಿತು. ಹೂಜಿ ತಲೆಕೆಳಗಾಗಿದೆ, ಮೇಲೆ ಯಾವುದೋ ದೊಡ್ಡ ತೂಕ ಕೂತಿದೆ ಎಂದು ಫೋನು ಹೇಳುತ್ತಿದೆಯಲ್ಲ ಎಂದರು. ದೊಡ್ಡಳಿಯ ಗಂಭೀರವಾಗಿ, ಇವೆಲ್ಲ ಹೊಸ ಯಂತ್ರ, ಹೊಸತರಲ್ಲಿ ಹೀಗೆ ಏನೇನೋ ಬಡಬಡಿಸುತ್ತವೆ ಎಂದ. ಕಾರಿನಿಂದ ಹೆಂಡತಿ ಫೋನು ಮಾಡಿದಳು, ಅತ್ತೆ ಎರಡು ಸಲ ನೀರು ಕುಡಿದರಂತೆ. ಇದನ್ನು ಕೇಳಿ ಅವನ ಮನಸ್ಸು ಒಂದಿಷ್ಟು ಕಲಕಿತು. ಆದರೆ ಅದೇ ಫೋನಿನಲ್ಲಿ ಅವರು, ಪಾಪ ನಮ್ಮಳಿಯನ ಮುಖ ಸಣ್ಣಗಾಗಿಬಿಟ್ಟಿದೆ ಎಂದದ್ದೂ ಕೇಳಿಸಿತು. ಅವನು ಪೆಟ್ಟಿಗೆಯನ್ನು ಮತ್ತೊಮ್ಮೆ ಒದ್ದ.

ಹೊಸ ಮನೆಯ ಗೇಟಿನಲ್ಲಿ ಯಜಮಾನರು ಬಿಳಿ ಷರಟು ತೊಟ್ಟು, ಕೈಯಲ್ಲಿ ಫೋನು ಹಿಡಿದು ನಿಂತಿದ್ದರು. ಮನೆಯವರೆಲ್ಲ ಮೆಟ್ಟಿಲ ಮೇಲಿದ್ದರು. ದೊಡ್ಡಳಿಯ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಿನಲ್ಲಿ ಕಾಲು ಜಾರಿದವನಂತೆ ಮಾಡಿ ಕೈಬಿಟ್ಟ. ಪೆಟ್ಟಿಗೆ ಒಂದೊಂದೇ ಮೆಟ್ಟಿಲು ಕುಟ್ಟುತ್ತಾ ಉರುಳಿ ಯಜಮಾನರ ಬೂಟಿನ ಬಳಿ ನಿಂತಿತು. ಎಲ್ಲರ ಜೇಬು, ಬ್ಯಾಗುಗಳಿಂದ ಹೆಂಗಸು ಒಟ್ಟಿಗೇ ದೂರು ಹೇಳತೊಡಗಿದಳು. ಅತ್ತೆ ಗೋಡೆ ಹಿಡಿದುಕೊಂಡರು. ಹೆಂಡತಿ, ನಿಮ್ಮ ಕೈಗೇನಾಗಿದೆ ಎಂದು ಗದರಿದಳು. ಮಾವ ಕೂಡ ರೇಡಿಯೋ ಸದ್ದು ಕಡಿಮೆ ಮಾಡಿದರು.

ಅಷ್ಟು ಜನರಲ್ಲಿ ಎದೆಯೊಡೆಯದೆ ನಿಂತವರು ಇಬ್ಬರೇ. ಒಬ್ಬ ದೊಡ್ಡಳಿಯ. ಇನ್ನೊಬ್ಬ, ಆಶ್ಚರ್ಯವೆಂದರೆ, ಚಿಕ್ಕಳಿಯ. ಅವನು ಉರುಳಿದ ಪೆಟ್ಟಿಗೆಯನ್ನು ಬಿಟ್ಟು ಲಾರಿಯ ಕಡೆಗೇ ನೋಡುತ್ತಿದ್ದ. ದೊಡ್ಡಳಿಯ ಹುಲ್ಲಿನ ಡಬ್ಬ ತರಲು ಹೋದಾಗ ಓಡಿ ಬಂದು ಅದರ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ನಿದ್ದೆಹೋದ ಮಗುವನ್ನು ಸಾಗಿಸುವಂತೆ, ಉಸಿರು ಬಿಗಿಹಿಡಿದು ಒಳಗೆ ತಂದಿಟ್ಟರು. ಈಗ ಬಂದ ನಯವಿನಯ ಮಾಡೋಕೆ ಎಂದುಕೊಂಡ ದೊಡ್ಡಳಿಯ.

ಯಜಮಾನರು ಪೆಟ್ಟಿಗೆಯನ್ನು ಮೇಜಿನ ಮೇಲಿಡಿಸಿ ತೆರೆಯಲು ಹೇಳಿದರು. ಚಿಕ್ಕಳಿಯನ ಮುಖ ಬಿಳಿಚಿತು. ಹಾಳೆಗೆ ಪ್ರಯಾಣದ ಆಯಾಸ ಇರುತ್ತೆ, ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಬೇಕು, ಎಲ್ಲರೂ ಆಚೆ ಹೋದರೆ ತಾನೇ ತೆರೆದು ಕರೆಯುವುದಾಗಿ ತೊದಲಿದ. ಅವನ ಹಣೆಯ ಬೆವರು ನೋಡಿ ದೊಡ್ಡಳಿಯನಿಗೆ ಜನ್ಮ ಸಾರ್ಥಕವಾದಂತಾಯಿತು. ಇವನಿಗೇ ಇವನ ಹಾಳೆಯ ಮೇಲೆ ನಂಬಿಕೆಯಿಲ್ಲ!

"ಆಚೆ ಯಾಕಪ್ಪ ಹೋಗ್ಬೇಕು?" ಎಂದ ಗಟ್ಟಿಯಾಗಿ. "ಯಜಮಾನ್ರು ಬಂದಿರೋದೇ ನೋಡೋಕೆ. ಎಲ್ಲರ ಎದುರಿಗೇ ತೆಗಿ."

ಪೋಸ್ಟ್‌ಮಾಸ್ತರು ಅದು ನ್ಯಾಯವೆಂದರು. ಚಿಕ್ಕಳಿಯ ಮುಚ್ಚಳ ತೆಗೆದ, ಹಾಳೆ ಬಿಚ್ಚಿದ. ಮುಂದಿನದನ್ನು ಅತ್ತೆ ಅವನ ಕೈಗೆ ಬಿಡಲಿಲ್ಲ. ತಾವೇ ನಾಡಾ ಬಿಚ್ಚಿ, ಕಣ್ಣು ಮುಚ್ಚಿಕೊಂಡು, ದಿಂಬಿನ ಕವರು ಕೆಳಗೆಳೆದರು.

ನೀಲಿ ಬಣ್ಣ ಕೋಣೆಯ ಗೋಡೆಯವರೆಗೂ ಚೆಲ್ಲಿತು. ಗಾಜಿನ ಹೂಜಿ, ಕೊಕ್ಕರೆ ಕತ್ತು ಎತ್ತಿಕೊಂಡು, ಕೂದಲಷ್ಟು ಗೀರೂ ಇಲ್ಲದೆ ಮೇಜಿನ ಮೇಲೆ ನಿಂತಿತ್ತು.

ಅತ್ತೆ ಅತ್ತುಬಿಟ್ಟರು. ಯಜಮಾನರು ಚಪ್ಪಾಳೆ ತಟ್ಟಿದರು. ಫೋನು ಹಿಡಿದು ಹಾಳೆ ಕಳಿಸಿದ ಸುದ್ದಿಗಳನ್ನೆಲ್ಲ ಓದಿ ಹೇಳಿದರು: ಒದೆತ, ಬೀಳುವಿಕೆ, ತಲೆಕೆಳಗು, ಮೇಲೆ ಮನುಷ್ಯನಷ್ಟು ಭಾರ, ಮೆಟ್ಟಿಲುಗಳಿಂದ ಉರುಳುವಿಕೆ. ಇಷ್ಟೆಲ್ಲ ಆಗಿಯೂ ಗಾಜು ಗಾಜಾಗಿಯೇ ಉಳಿದಿದೆ ಎಂದರೆ ಇನ್ನೇನು ನೋಡುವುದಿದೆ ಎಂದರು. ನಾಳೆಯಿಂದ ಕಂಪನಿಯಲ್ಲಿ ಇದೇ ಹಾಳೆ ಎಂದೂ ಘೋಷಿಸಿದರು. ಆಮೇಲೆ ದೊಡ್ಡಳಿಯನ ಕಡೆ ತಿರುಗಿ, ಇನ್ನು ನಿಮಗೆ ಕಟ್ಟುವ ಕಷ್ಟ ಇಲ್ಲ, ಹಾಯಾಗಿ ಸಾಮಾನು ಹೊರುವುದನ್ನು ನೋಡಿಕೊಳ್ಳಿ, ಆದರೆ ಮೆಟ್ಟಿಲಲ್ಲಿ ಸ್ವಲ್ಪ ಜೋಪಾನ ಎಂದರು.

ದೊಡ್ಡಳಿಯನಿಗೆ ಇದು ಯಾವುದೂ ಕೇಳಿಸುತ್ತಿರಲಿಲ್ಲ. ಅವನ ಕಣ್ಣು ನೀಲಿ ಹೂಜಿಯ ಮೇಲೆ ನೆಟ್ಟಿತ್ತು. ತಾನು ಬಂಕಿನಲ್ಲಿ ಬದಲಾಯಿಸಿದ್ದು ನಿಜವೇ, ಕನಸೇ? ಅವನು ಮೂಲೆಗೆ ಹೋಗಿ ಡಬ್ಬದ ದಾರ ಕಿತ್ತ. ಹುಲ್ಲಿನ ಗೂಡಿನಲ್ಲಿ ಹಳೆಯ ತಾಮ್ರದ ಹೂಜಿ ಹಾಯಾಗಿ ಕೂತಿತ್ತು. ಅದಕ್ಕೂ ಏನೂ ಆಗಿರಲಿಲ್ಲ. ಅದನ್ನು ಯಾರೂ ವಿಚಾರಿಸಲಿಲ್ಲ.

ಯಾರೋ ಅವನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದರು. ಚಿಕ್ಕಳಿಯ. ಅವನ ಕಣ್ಣು ತುಂಬಿತ್ತು.

"ಭಾವ, ನೀವು ಮನುಷ್ಯರಲ್ಲ," ಎಂದ.

ದೊಡ್ಡಳಿಯ ಬೈಗುಳ ತಿನ್ನಲು ಸಿದ್ಧನಾದ.

"ನನಗೆ ಎಲ್ಲ ಗೊತ್ತಾಯ್ತು. ಬೆಳಿಗ್ಗೆ ಬಾಗಿಲು ಹಾಕ್ಕೊಂಡು ನಾನು ಹೂಜಿ ಅದಲುಬದಲು ಮಾಡಿದ್ದೆ. ಗಾಜಿನದನ್ನ ನಿಮ್ಮ ಹುಲ್ಲಲ್ಲಿಟ್ಟು, ತಾಮ್ರದ್ದನ್ನ ನನ್ನ ಹಾಳೇಲಿ ಸುತ್ತಿದೆ. ಹೋದ ವಾರ ಕಾರ್ಖಾನೇಲಿ ಇದೇ ಹಾಳೇಲಿ ಸುತ್ತಿದ್ದ ಒಂದು ಗಾಜಿನ ಬಟ್ಟಲು ಒಡೆದುಹೋಗಿತ್ತು ಭಾವ. ಅತ್ತೆ ಹೂಜೀನ ಅದರಲ್ಲಿ ಕಳಿಸೋ ಧೈರ್ಯ ನನಗೆ ಬರ್ಲಿಲ್ಲ. ನಿಮ್ಮ ಕೈ ಮೇಲೆ ಮಾತ್ರ ನನಗೆ ನಂಬಿಕೆ ಇತ್ತು. ಇಲ್ಲಿಗೆ ಬಂದ್ಮೇಲೆ ಯಾರಿಗೂ ಕಾಣದ ಹಾಗೆ ಮತ್ತೆ ಬದಲಾಯಿಸೋಣ ಅಂದ್ಕೊಂಡಿದ್ದೆ."

ದೊಡ್ಡಳಿಯ ಗೋಡೆಗೆ ಒರಗಿಕೊಂಡ.

"ಬಂಕ್ ಹತ್ರ ಪೆಟ್ಟಿಗೆ ತೆರೆದಿದೆ ಅಂತ ಬಂದಾಗ ನನ್ನ ಜೀವ ಹೋಯ್ತು. ನೀವು ನೋಡ್ಬಿಟ್ರಿ, ಇನ್ನು ಯಜಮಾನ್ರ ಎದುರು ನನ್ನ ಮಾನ ಕಳೀತೀರಿ ಅಂದ್ಕೊಂಡೆ. ಆದ್ರೆ ನೀವು..." ಅವನು ಅಂಗೈಯಲ್ಲಿ ಮೂಗೊರೆಸಿಕೊಂಡ. "ನೀವು ಗಾಜನ್ನ ವಾಪಸ್ ನನ್ನ ಹಾಳೇಲಿ ಸುತ್ತಿಟ್ರಿ. ಅಷ್ಟು ಅಚ್ಚುಕಟ್ಟಾಗಿ ನಾನೂ ಸುತ್ತಲ್ಲ. ಸುತ್ತಿದ್ದಲ್ಲದೆ ಒದ್ದು, ಬೀಳಿಸಿ, ಹಾಳೆ ಗಟ್ಟಿ ಅಂತ ಯಜಮಾನ್ರಿಗೆ ತೋರಿಸಿಕೊಟ್ರಿ. ನಿಮ್ಮ ಕೆಲಸಕ್ಕೇ ಕುತ್ತು ಅಂತ ಗೊತ್ತಿದ್ದೂ. ನಾನೋ, ಮಾವ ಯಾವಾಗ್ಲೂ ನಿಮ್ಮ ಕೈಚಳಕಾನೇ ಹೊಗಳ್ತಾರೆ ಅಂತ ಇಷ್ಟು ದಿನ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಕೊಂಡಿದ್ದೆ."

ಸುಮ್ಮನೆ ಕೂತಿದ್ದರೆ ಸಾಕಿತ್ತು. ಅಷ್ಟೇ. ಲಾರಿಯಲ್ಲಿ ನಿದ್ದೆ ಹೊಡೆದಿದ್ದರೂ ಸಾಕಿತ್ತು. ಎಲ್ಲರೆದುರು ಹಾಳೆಯೊಳಗಿಂದ ತಾಮ್ರವೂ ಹುಲ್ಲಿನೊಳಗಿಂದ ಗಾಜೂ ತಾವಾಗಿಯೇ ಹೊರಬರುತ್ತಿದ್ದವು. ದೊಡ್ಡಳಿಯ ತನ್ನ ಕೈಗಳನ್ನು ನೋಡಿಕೊಂಡ. ಬೇರೆ ದಿನವಾಗಿದ್ದರೆ ಕೈಗವಸಿನೊಳಗಿಂದಲೂ ಅವು ಗಾಜು ಯಾವುದು, ತಾಮ್ರ ಯಾವುದು ಎಂದು ಹೇಳುತ್ತಿದ್ದವು. ಆಮೇಲೆ ತಾನು ಆ ಗಾಜಿನ ಮೇಲೆ ಕೂತು ತಾಳ ಹಾಕಿದ್ದು ನೆನಪಾಯಿತು.

"ಯಾರ ಹತ್ರಾನೂ ಹೇಳ್ಬೇಡ," ಎಂದಷ್ಟೇ ಅವನಿಗೆ ಸಾಧ್ಯವಾಯಿತು.

"ಅದೇ, ಅದೇ ನಿಮ್ಮ ದೊಡ್ಡತನ," ಎಂದು ಚಿಕ್ಕಳಿಯ ಅವನ ಎರಡೂ ಕೈ ಹಿಡಿದುಕೊಂಡ. ಇನ್ನು ಹಾಳೆ ಸುತ್ತುವುದನ್ನು ತಾನೇ ಪ್ರತಿ ಭಾನುವಾರ ಬಂದು ಹೇಳಿಕೊಡುವುದಾಗಿ ಮಾತು ಕೊಟ್ಟ. ದೊಡ್ಡಳಿಯ ತಲೆಯಾಡಿಸಿದ. ಜೀವನದಲ್ಲಿ ಅವನು ಎಷ್ಟೋ ಜನರನ್ನು ಕಂಡು ಕರುಬಿದ್ದ. ಆದರೆ ಷಡ್ಡಕನ ಬಾಯಿಂದ ಈಗಷ್ಟೇ ಹೊರಬಂದ ಆ ದೊಡ್ಡ ಮನಸ್ಸಿನ ಭಾವನನ್ನು ಕಂಡು ಕರುಬಿದಷ್ಟು ಯಾರನ್ನೂ ಕಂಡು ಕರುಬಿರಲಿಲ್ಲ.

ಒಳಗಿಂದ ಅತ್ತೆ ಕರೆದರು. ಆ ಸಂತೋಷಕ್ಕೆ ಅವರು ಒಂದು ಹೊಸ ನಿರ್ಧಾರ ಮಾಡಿದ್ದರು. ಇದುವರೆಗೆ ಬರೀ ನೋಡಲು ಇದ್ದ ನೀಲಿ ಹೂಜಿಗೆ ಮೊದಲ ಸಲ ನೀರು ತುಂಬಿಸಿ, ಮೊದಲ ಲೋಟ ಬಗ್ಗಿಸಿ, ಎಲ್ಲರೂ ನೋಡುತ್ತಿರುವಂತೆ ಚಿಕ್ಕಳಿಯನ ಮುಂದೆ ಹಿಡಿದರು.

ಚಿಕ್ಕಳಿಯ ಲೋಟ ಮುಟ್ಟಲಿಲ್ಲ. "ಮೊದಲು ಭಾವನಿಗೆ ಕೊಡಿ ಅತ್ತೆ," ಎಂದ, ಕಣ್ಣೊರೆಸಿಕೊಳ್ಳುತ್ತಾ.

ಯಜಮಾನರು ಮೆಚ್ಚಿ ತಲೆದೂಗಿದರು. ಪೋಸ್ಟ್‌ಮಾಸ್ತರು ಇಂಥ ಗುಣ ಈಗಿನ ಕಾಲದಲ್ಲಿ ಅಪರೂಪ ಎಂದರು. ದೊಡ್ಡಳಿಯನ ಹೆಂಡತಿ ಕೂಡ ತಂಗಿಯ ಗಂಡನನ್ನು ಹೆಮ್ಮೆಯಿಂದ ನೋಡಿದಳು.

"ನೋಡಿದ್ರಾ," ಎಂದರು ಅತ್ತೆ, ಲೋಟವನ್ನು ದೊಡ್ಡಳಿಯನ ಕೈಗೆ ಕೊಡುತ್ತಾ. "ಹೂಜೀನ ಮೆಟ್ಟಿಲಿಂದ ಬೀಳಿಸಿದವರಿಗೂ ಮೊದಲು ನೀರು ಕೊಡಿ ಅಂತಾನೆ. ಎಂಥ ದೊಡ್ಡ ಮನಸ್ಸು ನಮ್ಮಳಿಯಂದು."

ದೊಡ್ಡಳಿಯ ನೀರು ಕುಡಿದ. ಅದು ಒಳಗಿನ ಒಲೆಯ ಮೇಲೆ ಬಿದ್ದು ಚುಂಯ್ ಎಂದದ್ದು ಅವನಿಗೊಬ್ಬನಿಗೇ ಕೇಳಿಸಿತು.